ಗೆರೆಗಳ ಭಾಷೆ

ಕಟ್ಟಡದ ನಿವೇಶನದಲ್ಲಿ ಮೇಸ್ತ್ರಿಯು ನಕ್ಷೆಯ ಹಾಳೆಯನ್ನು ಹರಡಿಕೊಂಡು ನಿಂತಾಗ ಅವನ ಕಣ್ಣಿಗೆ ಕಾಣುವುದು ಗೆರೆಗಳು ಮಾತ್ರ. ಅಲ್ಲಿ ಗೋಡೆಯಿಲ್ಲ, ಬಾಗಿಲಿಲ್ಲ, ಕಿಟಕಿಯಿಲ್ಲ. ಬಿಳಿಯ ಕಾಗದದ ಮೇಲೆ ಕಪ್ಪು ಗೆರೆಗಳು, ಅವುಗಳ ನಡುವೆ ಕೆಲವು ಅಂಕಿಗಳು, ಅಷ್ಟೆ. ಆದರೂ ಅವನು ಆ ಗೆರೆಗಳನ್ನು ನೋಡಿಯೇ ಇಲ್ಲಿ ಗೋಡೆ ಏಳಬೇಕು, ಇಲ್ಲಿ ಬಾಗಿಲಿಗೆ ಜಾಗ ಬಿಡಬೇಕು, ಇಲ್ಲಿ ನೆಲವನ್ನು ಅಗೆಯಬೇಕು ಎಂದು ಆಳುಗಳಿಗೆ ಹೇಳುತ್ತಾನೆ. ನಕ್ಷೆಯನ್ನು ಬರೆದವನು ಎಲ್ಲಿಯೋ ದೂರದ ಕಚೇರಿಯಲ್ಲಿರುತ್ತಾನೆ. ಅವರಿಬ್ಬರೂ ಒಬ್ಬರನ್ನೊಬ್ಬರು ನೋಡದೆಯೇ ಇರಬಹುದು. ಅವರ ನಡುವೆ ನಡೆಯುವ ಮಾತೆಲ್ಲವೂ ಗೆರೆಗಳ ಮೂಲಕವೇ ನಡೆಯಬೇಕು.

ಆದುದರಿಂದ ಎಲ್ಲ ಗೆರೆಗಳೂ ಒಂದೇ ಬಗೆಯವಾಗಿದ್ದರೆ ಕೆಲಸ ಸಾಗದು. ಮನೆಯ ತಳವಿನ್ಯಾಸವೆಂದರೆ, ಮನೆಯನ್ನು ಸುಮಾರಾಗಿ ಕಿಟಕಿಯ ಎತ್ತರದಲ್ಲಿ ಅಡ್ಡಲಾಗಿ ಕತ್ತರಿಸಿ, ಮೇಲಿನ ಭಾಗವನ್ನು ತೆಗೆದಿಟ್ಟು, ಮೇಲಿನಿಂದ ಕೆಳಗೆ ನೋಡಿದರೆ ಕಾಣುವ ಚಿತ್ರ. ಕತ್ತರಿಸಲ್ಪಟ್ಟ ಗೋಡೆಗಳು ದಪ್ಪ ಗೆರೆಯಲ್ಲಿ ಬರುತ್ತವೆ. ಕೆಳಗೆ ಕಾಣುವ ಮೆಟ್ಟಿಲು, ಜಗಲಿಗಳು ತೆಳು ಗೆರೆಯಲ್ಲಿ ಬರುತ್ತವೆ. ಆದರೆ ಅಡುಗೆಮನೆಯ ಮೇಲುಭಾಗದಲ್ಲಿ ಒಂದು ಅಟ್ಟವಿದ್ದರೆ? ಅದು ಕತ್ತರಿಸಿದ ಮಟ್ಟಕ್ಕಿಂತ ಮೇಲಿದೆ. ಕಾಣುವಂತಿಲ್ಲ, ಆದರೆ ತಿಳಿಸದೆ ಇರುವಂತೆಯೂ ಇಲ್ಲ. ಅಂಗಳದ ನೆಲದೊಳಗೆ ನೀರಿನ ತೊಟ್ಟಿಯೊಂದು ಹುದುಗಿದ್ದರೆ, ಹಿತ್ತಿಲಿನ ಮಣ್ಣಿನಡಿಯಲ್ಲಿ ಕೊಳವೆ ಹಾದುಹೋಗಿದ್ದರೆ ಅಲ್ಲಿಯೂ ಇದೇ ತೊಡಕು. ಇಂತಹ ಕಾಣದ ವಸ್ತುಗಳನ್ನು ತೋರಿಸಲು ನಕ್ಷೆಗಾರರು ತುಂಡುಗೆರೆಯನ್ನು ಬಳಸುತ್ತಾರೆ. ಒಂದು ಗೀಟು, ಒಂದು ತೆರಪು, ಮತ್ತೊಂದು ಗೀಟು, ಮತ್ತೊಂದು ತೆರಪು. ‘ಇಲ್ಲಿ ಒಂದು ವಸ್ತುವಿದೆ, ಆದರೆ ಈ ನೋಟಕ್ಕೆ ಅದು ಮರೆಯಾಗಿದೆ’ ಎಂಬುದು ಅದರ ಅರ್ಥ.

ಈ ತುಂಡುಗೆರೆಯ ತೆರಪುಗಳು ಮುಚ್ಚಿಹೋಗಿ ಅದು ಅಖಂಡ ಗೆರೆಯಂತೆ ಕಂಡರೆ ಏನಾಗುತ್ತದೆ? ನೆಲದೊಳಗಿನ ತೊಟ್ಟಿಯನ್ನು ಮೇಸ್ತ್ರಿಯು ನೆಲದ ಮೇಲಿನ ಕಟ್ಟೆಯೆಂದು ಓದುತ್ತಾನೆ. ಅಟ್ಟದ ಅಂಚನ್ನು ಅಡುಗೆಮನೆಯ ನಡುವಿನ ಮೆಟ್ಟಿಲೆಂದು ತಿಳಿಯುತ್ತಾನೆ. ಮಣ್ಣಿನಡಿಯ ಕೊಳವೆಯನ್ನು ಕಾಲುದಾರಿಯ ಅಂಚೆಂದು ಭಾವಿಸಿದ ಆಳಿನ ಗುದ್ದಲಿ ನೇರವಾಗಿ ಕೊಳವೆಗೇ ತಗಲುತ್ತದೆ. ಯಂತ್ರದ ಬಿಡಿಭಾಗದ ನಕ್ಷೆಯಲ್ಲಿ ಇಂತಹುದು ನಡೆದರೆ ಕಬ್ಬಿಣದ ಹಿಂಬದಿಯಲ್ಲಿ ಕೊರೆಯಬೇಕಾಗಿದ್ದ ರಂಧ್ರವನ್ನು ಮುಂಬದಿಯಲ್ಲಿ ಕೊರೆದಿರುತ್ತಾರೆ. ಒಂದು ಮಿಲಿಮೀಟರಿಗಿಂತ ಚಿಕ್ಕದಾದ ಒಂದು ತೆರಪು ಕಾಗದದ ಮೇಲೆ ಇಲ್ಲವಾದುದಕ್ಕೆ ನೆಲದ ಮೇಲೆ ಗಾರೆಯಲ್ಲಿಯೂ ಕಬ್ಬಿಣದಲ್ಲಿಯೂ ಬೆಲೆ ತೆರಬೇಕಾಗುತ್ತದೆ.

ವಸ್ತುವೊಂದರ ಉದ್ದ, ಅಗಲ, ಎತ್ತರಗಳನ್ನು ಸಮತಟ್ಟಾದ ಕಾಗದದ ಮೇಲೆ ತಪ್ಪಿಲ್ಲದೆ ತೋರಿಸುವ ವಿದ್ಯೆಗೆ ಶಾಸ್ತ್ರದ ರೂಪವನ್ನು ಕೊಟ್ಟವನು ಫ್ರಾನ್ಸ್ ದೇಶದ ಗಣಿತಜ್ಞ ಗಾಸ್ಪಾರ್ ಮೋಂಜ್. ಅವನ ಕಾಲ 1746ರಿಂದ 1818. ಮೆಜಿಯೆರ್ ಎಂಬ ಊರಿನ ಸೈನಿಕ ಶಾಲೆಯಲ್ಲಿ ಕೋಟೆಯ ವಿನ್ಯಾಸಕ್ಕೆ ಸಂಬಂಧಿಸಿದ ಕಠಿಣ ಸಮಸ್ಯೆಯೊಂದನ್ನು ಅವನು ದೀರ್ಘವಾದ ಲೆಕ್ಕಗಳಿಲ್ಲದೆ ಕೇವಲ ಗೆರೆಗಳಿಂದ ಬಿಡಿಸಿದನು. ಆ ವಿಧಾನವು ಎಷ್ಟು ಉಪಯುಕ್ತವಾಗಿದ್ದಿತೆಂದರೆ ಅದನ್ನು ಕೆಲವು ವರ್ಷಗಳವರೆಗೆ ಸೈನ್ಯದ ಗುಟ್ಟಾಗಿಯೇ ಇಡಲಾಗಿತ್ತು. ಗೆರೆಯೂ ಒಂದು ಆಯುಧವಾಗಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮುಂದೆ ಕಾರ್ಖಾನೆಗಳು ಬೆಳೆದು, ಒಂದು ದೇಶದಲ್ಲಿ ಬರೆದ ನಕ್ಷೆಯನ್ನು ಇನ್ನೊಂದು ದೇಶದಲ್ಲಿ ಓದಬೇಕಾಗಿ ಬಂದಾಗ, ಗೆರೆಗಳಿಗೂ ಒಂದು ವ್ಯಾಕರಣ ಅಗತ್ಯವಾಯಿತು. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ‘ಐಎಸ್‌ಓ 128’ ಎಂಬ ನಿಯಮಾವಳಿ ಅಂತಹುದು. ಭಾರತೀಯ ಮಾನಕ ಬ್ಯೂರೋ ಶಾಲಾ ಕಾಲೇಜುಗಳಿಗೆಂದೇ ‘ಎಸ್‌ಪಿ 46’ ಎಂಬ ಕೈಪಿಡಿಯನ್ನು 1988ರಲ್ಲಿ ಹೊರತಂದಿತು. ಕಾಣುವ ಅಂಚಿಗೆ ದಪ್ಪನೆಯ ಅಖಂಡ ಗೆರೆ, ಅಳತೆಯನ್ನು ಗುರುತಿಸಲು ತೆಳ್ಳನೆಯ ಅಖಂಡ ಗೆರೆ, ಮರೆಯಾದ ಅಂಚಿಗೆ ತುಂಡುಗೆರೆ, ದುಂಡನೆಯ ವಸ್ತುವಿನ ನಡುವೆ ಹಾಯುವ ಅಕ್ಷಕ್ಕೆ ಉದ್ದ ಗೀಟು ಮತ್ತು ಚುಕ್ಕೆ ಸೇರಿದ ಸರಪಣಿಗೆರೆ ಎಂಬಂತಹ ಕಟ್ಟುಗಳನ್ನು ಇವು ವಿಧಿಸುತ್ತವೆ. ಒಂದರ ಮೇಲೊಂದು ಗೆರೆ ಬಂದು ಬಿದ್ದಾಗ ಯಾವುದು ಉಳಿಯಬೇಕೆಂಬುದಕ್ಕೂ ನಿಯಮವಿದೆ: ಕಾಣುವ ಅಂಚಿಗೆ ಮೊದಲ ಮರ್ಯಾದೆ, ಮರೆಯಾದ ಅಂಚಿಗೆ ಅನಂತರದ್ದು, ಅಕ್ಷರೇಖೆಗೆ ಅದಕ್ಕೂ ಅನಂತರದ್ದು.

ಗೆರೆಯ ದಪ್ಪವನ್ನೂ ಮನಬಂದಂತೆ ಆರಿಸಿಕೊಳ್ಳುವಂತಿಲ್ಲ. 0.13, 0.18, 0.25, 0.35, 0.5, 0.7, 1, 1.4, 2 ಮಿಲಿಮೀಟರು ಎಂಬ ಒಂಬತ್ತು ದಪ್ಪಗಳಿವೆ. ಗಣಿತದಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಯು ಇವುಗಳಲ್ಲಿ ಒಂದನ್ನು ಅದರ ಹಿಂದಿನದರಿಂದ ಭಾಗಿಸಿ ನೋಡಿದರೆ, ಭಾಗಲಬ್ಧವು ಸುಮಾರಾಗಿ 1.4 ಎಂದು, ಅಂದರೆ ಎರಡರ ವರ್ಗಮೂಲವೆಂದು, ತಿಳಿಯುತ್ತದೆ. ಹೀಗೇಕೆ ಎಂಬುದು ಮುಂದೆ ಸ್ಪಷ್ಟವಾಗುವುದು. ಇನ್ನೊಂದು ನಿಯಮವು ಇದಕ್ಕಿಂತಲೂ ಸ್ವಾರಸ್ಯವಾದುದು. ತುಂಡುಗೆರೆಯ ಗೀಟಿನ ಉದ್ದವು ಗೆರೆಯ ದಪ್ಪದ 12 ಪಟ್ಟು, ತೆರಪಿನ ಉದ್ದವು ದಪ್ಪದ 3 ಪಟ್ಟು ಇರಬೇಕು. ಅಂದರೆ 0.25 ಮಿಲಿಮೀಟರು ದಪ್ಪದ ಗೆರೆಯಲ್ಲಿ ಗೀಟು 3 ಮಿಲಿಮೀಟರು, ತೆರಪು 0.75 ಮಿಲಿಮೀಟರು. ದಪ್ಪ ಗೆರೆಗೆ ಉದ್ದನೆಯ ಗೀಟು, ತೆಳು ಗೆರೆಗೆ ಚಿಕ್ಕ ಗೀಟು. ದೊಡ್ಡ ಆಳಿಗೆ ದೊಡ್ಡ ಹೆಜ್ಜೆ ಇದ್ದಂತೆ ಇದು.

ಕೈಯಿಂದ ನಕ್ಷೆ ಬರೆಯುತ್ತಿದ್ದ ಕಾಲದಲ್ಲಿ ಈ ನಿಯಮವನ್ನು ಪಾಲಿಸುವುದು ಅಭ್ಯಾಸದ ಮಾತಾಗಿತ್ತು. ನಕ್ಷೆಗಾರನು ಇಳಿಜಾರಾದ ಹಲಗೆಗೆ ಹಾಳೆಯನ್ನು ಬಿಗಿದು, ಪಟ್ಟಿ ಮತ್ತು ತ್ರಿಕೋನ ಮಟ್ಟಗಳನ್ನು ಆಧಾರವಾಗಿಟ್ಟು, ಶಾಯಿಯ ಲೇಖನಿಯಿಂದ ಗೆರೆಯೆಳೆಯುತ್ತಿದ್ದನು. ಪಾರಕ ಕಾಗದದ ಮೇಲೆ ಬರೆದ ಮೂಲವನ್ನು ರಾಸಾಯನಿಕ ಲೇಪಿಸಿದ ಹಾಳೆಯ ಮೇಲಿಟ್ಟು ಬೆಳಕಿಗೆ ಒಡ್ಡಿ ಪ್ರತಿಗಳನ್ನು ತೆಗೆಯುತ್ತಿದ್ದರು. 1842ರಲ್ಲಿ ಇಂಗ್ಲೆಂಡಿನ ಜಾನ್ ಹರ್ಷೆಲ್ ಕಂಡುಹಿಡಿದ ಆ ವಿಧಾನದಲ್ಲಿ ಹಾಳೆಯೆಲ್ಲವೂ ನೀಲಿಯಾಗಿ ಗೆರೆಗಳು ಮಾತ್ರ ಬೆಳ್ಳಗೆ ಉಳಿಯುತ್ತಿದ್ದವು. ಅಂತಹ ಹಾಳೆಗಳು ಮರೆಯಾಗಿ ಬಹಳ ಕಾಲ ಸಂದಿದ್ದರೂ, ಯಾವ ಯೋಜನೆಯ ಮಾತು ಬಂದರೂ ‘ನೀಲನಕ್ಷೆ’ ಎನ್ನುವುದನ್ನು ಕನ್ನಡವು ಬಿಟ್ಟಿಲ್ಲ.

ಆ ನಕ್ಷೆಗಾರನ ಮನಸ್ಸಿನಲ್ಲಿ ಎರಡು ಅಳತೆಗಳಿದ್ದವು ಎಂಬುದನ್ನು ಇಲ್ಲಿ ಗಮನಿಸಬೇಕು. ಒಂದು ವಸ್ತುವಿನ ಅಳತೆ, ಇನ್ನೊಂದು ಕಾಗದದ ಅಳತೆ. 3 ಮೀಟರು ಉದ್ದದ ಗೋಡೆಯನ್ನು 1:100 ಪ್ರಮಾಣದಲ್ಲಿ ಬರೆಯುವಾಗ ಅವನು ಅದನ್ನು ನೂರರಲ್ಲೊಂದು ಪಾಲಿಗೆ ಇಳಿಸಿ 30 ಮಿಲಿಮೀಟರು ಗೆರೆಯೆಳೆಯುತ್ತಿದ್ದನು. ಆದರೆ ತುಂಡುಗೆರೆಯ ಗೀಟನ್ನು ಇಳಿಸುತ್ತಿರಲಿಲ್ಲ. ಗೀಟು ವಸ್ತುವಿನಲ್ಲಿರುವುದಲ್ಲ, ಅಟ್ಟದ ಅಂಚಿನಲ್ಲಿ ಯಾವ ತೆರಪುಗಳೂ ಇಲ್ಲ. ಅದು ಓದುವವನ ಕಣ್ಣಿಗಾಗಿ ಕಾಗದದ ಮೇಲೆ ಮಾಡಿದ ಗುರುತು. ಮನೆಯ ನಕ್ಷೆಯಾಗಲಿ ಗಡಿಯಾರದ ನಕ್ಷೆಯಾಗಲಿ, ಗೀಟು 3 ಮಿಲಿಮೀಟರೇ. ಕಣ್ಣೆದುರಿಗೆ ಇದ್ದುದು ಕಾಗದವೊಂದೇ ಆದುದರಿಂದ ಈ ಎರಡು ಅಳತೆಗಳು ಒಂದರೊಡನೊಂದು ಬೆರೆತು ಗೊಂದಲವಾಗುವ ಸಂಭವವೇ ಇರಲಿಲ್ಲ.

ಗೊಂದಲವು ಹುಟ್ಟಿದ್ದು ಗಣಕಯಂತ್ರದೊಡನೆ. 1963ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ವಿದ್ಯಾರ್ಥಿ ಐವಾನ್ ಸದರ್‌ಲ್ಯಾಂಡ್ ತನ್ನ ಪ್ರೌಢಪ್ರಬಂಧಕ್ಕಾಗಿ ‘ಸ್ಕೆಚ್‌ಪ್ಯಾಡ್’ ಎಂಬ ಕ್ರಮವಿಧಿಯನ್ನು ರಚಿಸಿದನು. ಟಿಎಕ್ಸ್-2 ಎಂಬ ಭಾರಿ ಗಣಕದ ಪರದೆಯ ಮೇಲೆ ಬೆಳಕಿನ ಲೇಖನಿಯನ್ನು ಆಡಿಸಿದರೆ ಗೆರೆಗಳು ಮೂಡುತ್ತಿದ್ದವು. ಎರಡು ಗೆರೆಗಳು ಸಮಾಂತರವಾಗಿರಲಿ ಎಂದು ಆಜ್ಞಾಪಿಸಿದರೆ ಅವು ತಾವಾಗಿಯೇ ಸಮಾಂತರವಾಗುತ್ತಿದ್ದವು. ಅಂತಹ ಯಂತ್ರಗಳು ಬೆರಳೆಣಿಕೆಯಷ್ಟಿದ್ದ ಕಾಲ ಅದು. ಮೇಜಿನ ಮೇಲಿಡಬಹುದಾದ ಚಿಕ್ಕ ಗಣಕಗಳು ಬಂದ ಮೇಲೆ, 1982ರಲ್ಲಿ, ಕ್ಯಾಲಿಫೋರ್ನಿಯಾದ ಆಟೋಡೆಸ್ಕ್ ಸಂಸ್ಥೆಯು ‘ಆಟೋಕ್ಯಾಡ್’ ಎಂಬ ತಂತ್ರಾಂಶವನ್ನು ಹೊರತಂದಿತು. ಮುಂದಿನ ಎರಡು ದಶಕಗಳಲ್ಲಿ ಇಳಿಜಾರು ಹಲಗೆಗಳು ಕಚೇರಿಗಳಿಂದ ಒಂದೊಂದಾಗಿ ಹೊರಟುಹೋದವು.

ಇಂತಹ ತಂತ್ರಾಂಶದಲ್ಲಿ ವಸ್ತುವನ್ನು ಅದರ ನಿಜವಾದ ಅಳತೆಯಲ್ಲಿಯೇ ಬರೆಯುತ್ತಾರೆ. 12 ಮೀಟರು ಉದ್ದದ ಮನೆಯನ್ನು 12,000 ಮಿಲಿಮೀಟರು ಎಂದೇ ದಾಖಲಿಸುತ್ತಾರೆ. ಪರದೆಗೆ ಎಲ್ಲೆಯೆಂಬುದಿಲ್ಲ, ಹಿಗ್ಗಿಸಿದರೆ ಬಾಗಿಲಿನ ತಿರುಗಣಿ, ಕುಗ್ಗಿಸಿದರೆ ಇಡೀ ಬೀದಿ. ಪ್ರಮಾಣಕ್ಕೆ ಇಳಿಸುವ ಲೆಕ್ಕವು ಹಾಳೆಯನ್ನು ಮುದ್ರಿಸುವ ಕೊನೆಯ ಗಳಿಗೆಯಲ್ಲಿ ಮಾತ್ರ ಬರುತ್ತದೆ. ಇದು ದೊಡ್ಡ ಅನುಕೂಲವೇ ಸರಿ. ಆದರೆ ಕಾಗದದ ಅಳತೆಗೆ ಸೇರಿದ ಗೀಟು ಮತ್ತು ತೆರಪುಗಳು ಈಗ ವಸ್ತುವಿನ ಅಳತೆಯ ಲೋಕದಲ್ಲಿ ವಾಸಿಸಬೇಕಾಯಿತು. ಮುದ್ರಣದ ವೇಳೆ ಮನೆಯೊಡನೆ ಅವೂ ನೂರರಲ್ಲೊಂದು ಪಾಲಿಗೆ ಇಳಿಯುತ್ತವೆ. ತೊಂದರೆಯ ಬೇರು ಇಲ್ಲಿದೆ.

ತುಂಡುಗೆರೆಯನ್ನು ಗಣಕವು ಹೇಗೆ ನೆನಪಿಟ್ಟುಕೊಳ್ಳುತ್ತದೆ? ಅದರ ರೀತಿ ಬಹಳ ಸರಳವಾದುದು. ಆಟೋಕ್ಯಾಡ್‌ನಲ್ಲಿ ಗೆರೆಗಳ ಬಗೆಗಳನ್ನೆಲ್ಲ ಸಾಧಾರಣ ಬರಹದ ಕಡತವೊಂದರಲ್ಲಿ ಬರೆದಿಟ್ಟಿರುತ್ತಾರೆ. ಯಾರು ಬೇಕಾದರೂ ಅದನ್ನು ತೆರೆದು ಓದಬಹುದು. ಅಲ್ಲಿ ಪ್ರತಿಯೊಂದು ಬಗೆಗೂ ಕೆಲವು ಅಂಕಿಗಳ ಸಾಲು ಇರುತ್ತದೆ. ಧನ ಸಂಖ್ಯೆಯೆಂದರೆ ಲೇಖನಿಯನ್ನು ಕಾಗದದ ಮೇಲೆ ಊರಿ ಅಷ್ಟು ದೂರ ಸಾಗು ಎಂದರ್ಥ. ಋಣ ಸಂಖ್ಯೆಯೆಂದರೆ ಲೇಖನಿಯನ್ನು ಎತ್ತಿಕೊಂಡು ಅಷ್ಟು ದೂರ ಸಾಗು ಎಂದರ್ಥ. ಸೊನ್ನೆಯೆಂದರೆ ಊರಿ ಎತ್ತು, ಅಂದರೆ ಚುಕ್ಕೆ. ಆದುದರಿಂದ ‘12, -3’ ಎಂಬುದು ತುಂಡುಗೆರೆ. ‘24, -3, 0, -3’ ಎಂಬುದು ಸರಪಣಿಗೆರೆ. ಬೀಜಗಣಿತದ ಋಣ ಸಂಖ್ಯೆಯಿಂದ ಏನು ಪ್ರಯೋಜನವೆಂದು ಕೇಳುವ ವಿದ್ಯಾರ್ಥಿಗೆ ಈ ಎತ್ತಿದ ಲೇಖನಿಯನ್ನು ತೋರಿಸಬಹುದು. 12 ಮತ್ತು 3 ಎಂಬ ಅಂಕಿಗಳು ಹೊಸವೇನೂ ಅಲ್ಲ. ಅವು ಮಾನಕ ನಿಯಮದ ಅಂಕಿಗಳೇ. 1 ಮಿಲಿಮೀಟರು ದಪ್ಪದ ಲೇಖನಿಗೆಂದು ಲೆಕ್ಕಹಾಕಿ ಕಡತದಲ್ಲಿ ಇಟ್ಟಿರುತ್ತಾರೆ.

ಈಗ ಅಡುಗೆಮನೆಯ ಅಟ್ಟವನ್ನೇ ತೆಗೆದುಕೊಳ್ಳಬಹುದು. ಅದರ ಅಂಚು 3 ಮೀಟರು ಉದ್ದ, ಅಂದರೆ 3,000 ಮಿಲಿಮೀಟರು. ಈ ಗೆರೆಗೆ ‘12, -3’ ಎಂಬ ವಿನ್ಯಾಸವನ್ನು ಇದ್ದಂತೆಯೇ ಕೊಟ್ಟರೆ, ಒಂದು ಗೀಟು ಮತ್ತು ಒಂದು ತೆರಪು ಸೇರಿ 15 ಮಿಲಿಮೀಟರು. 3,000 ಮಿಲಿಮೀಟರಿನಲ್ಲಿ ಅದು 200 ಸಲ ಮರುಕಳಿಸುತ್ತದೆ. ಹಾಳೆಯನ್ನು 1:100 ಪ್ರಮಾಣದಲ್ಲಿ ಮುದ್ರಿಸಿದಾಗ ಆ 200 ಗೀಟುಗಳೂ 30 ಮಿಲಿಮೀಟರಿನೊಳಗೆ ಹುದುಗಬೇಕು. ಒಂದೊಂದು ಗೀಟು 0.12 ಮಿಲಿಮೀಟರು, ಒಂದೊಂದು ತೆರಪು 0.03 ಮಿಲಿಮೀಟರು ಆಗುತ್ತದೆ. ಗೆರೆಯ ದಪ್ಪವೇ 0.25 ಮಿಲಿಮೀಟರು ಇರುವಾಗ ಅಂತಹ ತೆರಪಿಗೆ ಉಳಿವೆಲ್ಲಿ? ಶಾಯಿಯು ಎಲ್ಲವನ್ನೂ ತುಂಬಿಬಿಡುತ್ತದೆ. ಗಣಕವು ತನ್ನ ಮಟ್ಟಿಗೆ ತುಂಡುಗೆರೆಯನ್ನೇ ಬರೆದಿದೆ. ಕಾಗದದ ಮೇಲೆ ಇರುವುದು ಅಖಂಡ ಗೆರೆ. ಪರದೆಯ ಮೇಲೆ ಚಿತ್ರವನ್ನು ಹಿಗ್ಗಿಸಿ ನೋಡಿದ ನಕ್ಷೆಗಾರನಿಗೆ ಗೀಟುಗಳು ಬೇರೆಬೇರೆಯಾಗಿ ಕಾಣುತ್ತವೆಯಾದ್ದರಿಂದ ಅವನು ನಿಶ್ಚಿಂತನಾಗಿ ಹಾಳೆಯನ್ನು ಕಳುಹಿಸಿಬಿಡಬಹುದು.

ಇದಕ್ಕೆ ಪರಿಹಾರವಾಗಿ ತಂತ್ರಾಂಶದಲ್ಲಿ ಒಂದು ಗುಣಕವನ್ನು ಇಟ್ಟಿದ್ದಾರೆ. ಆಟೋಕ್ಯಾಡ್‌ನಲ್ಲಿ ಅದರ ಹೆಸರು ‘ಎಲ್‌ಟಿಸ್ಕೇಲ್’. ಗೆರೆಯ ಬಗೆಯ ಪ್ರಮಾಣವೆಂದು ಅದರ ಅರ್ಥ. ಕಡತದಲ್ಲಿರುವ ಅಂಕಿಗಳನ್ನೆಲ್ಲ ಈ ಗುಣಕದಿಂದ ಗುಣಿಸಿದ ಬಳಿಕವೇ ಗೆರೆಯನ್ನು ಎಳೆಯಲಾಗುತ್ತದೆ. ಅದರ ಬೆಲೆ ಎಷ್ಟಿರಬೇಕೆಂಬುದನ್ನು ಊಹಿಸಬೇಕಾಗಿಲ್ಲ, ಲೆಕ್ಕಹಾಕಬಹುದು. ಹಾಳೆಯಲ್ಲಿ 0.25 ಮಿಲಿಮೀಟರು ದಪ್ಪದ ಗೆರೆಗೆ 3 ಮಿಲಿಮೀಟರು ಗೀಟು ಬೇಕು. ಮುದ್ರಣದಲ್ಲಿ ನೂರು ಪಾಲು ಇಳಿಯುವುದರಿಂದ ಮನೆಯ ಅಳತೆಯಲ್ಲಿ ಅದು 300 ಮಿಲಿಮೀಟರು ಇರಬೇಕು. ಕಡತದಲ್ಲಿರುವುದು 12. ಆದುದರಿಂದ ಗುಣಕವು 300 ಭಾಗಿಸು 12, ಅಂದರೆ 25. ಇದನ್ನೇ ಬೇರೆ ರೀತಿಯಾಗಿ, ಪ್ರಮಾಣದ ನೂರನ್ನು ಗೆರೆಯ ದಪ್ಪವಾದ 0.25ರಿಂದ ಗುಣಿಸಿದರೆ ಬರುವ ಲಬ್ಧವೆಂದೂ ಹೇಳಬಹುದು. ಹೀಗೆ ಮಾಡಿದಾಗ ಒಂದು ಗೀಟು ಮತ್ತು ತೆರಪು ಸೇರಿ 375 ಮಿಲಿಮೀಟರು ಆಗಿ, ಅಟ್ಟದ ಅಂಚಿನಲ್ಲಿ ಸರಿಯಾಗಿ ಎಂಟು ಸಲ ಬರುತ್ತದೆ. ಹಾಳೆಯಲ್ಲಿ ಅದು ಯಾರ ಕಣ್ಣಿಗೂ ಸ್ಪಷ್ಟವಾದ ತುಂಡುಗೆರೆ.

ಗುಣಕವನ್ನು ಹೆಚ್ಚಿಸಿದಷ್ಟೂ ಒಳ್ಳೆಯದೆಂದು ತಿಳಿದು ಯಾರಾದರೂ ಅದನ್ನು 1,000ಕ್ಕೆ ಏರಿಸಿದರೆ ಮತ್ತೊಂದು ವಿಚಿತ್ರ ನಡೆಯುತ್ತದೆ. ಆಗ ಒಂದು ಗೀಟು ಮತ್ತು ತೆರಪು ಸೇರಿ 15 ಮೀಟರು. ಅಟ್ಟದ ಅಂಚು ಇರುವುದೇ 3 ಮೀಟರು. ವಿನ್ಯಾಸದ ಒಂದು ಸುತ್ತಿಗೂ ಅಲ್ಲಿ ಎಡೆಯಿಲ್ಲ. ಎಡೆಯಿಲ್ಲದಿರುವಾಗ ತಂತ್ರಾಂಶವು ಆ ಗೆರೆಯನ್ನು ಅಖಂಡವಾಗಿಯೇ ಎಳೆದುಬಿಡುತ್ತದೆ. ಗುಣಕವು ತೀರ ಚಿಕ್ಕದಾದರೂ ಅಖಂಡ ಗೆರೆ, ತೀರ ದೊಡ್ಡದಾದರೂ ಅಖಂಡ ಗೆರೆ! ಎರಡು ವಿರುದ್ಧ ಕಾರಣಗಳಿಗೆ ಒಂದೇ ಲಕ್ಷಣ. ಜ್ವರವನ್ನು ಕಂಡ ವೈದ್ಯನಂತೆ ನಕ್ಷೆಗಾರನೂ ಕಾರಣವನ್ನು ಶೋಧಿಸದೆ ಔಷಧ ಕೊಡುವಂತಿಲ್ಲ. ಹೊಸಬರು ಈ ಗುಣಕವನ್ನು ಸುಮ್ಮನೆ ಮೇಲೆ ಕೆಳಗೆ ಮಾಡಿ ಸಮಯ ಕಳೆಯುವುದುಂಟು. ಕಾಗದದ ಮೇಲೆ ಎಷ್ಟು ಮಿಲಿಮೀಟರು ಗೀಟು ಬೇಕು ಎಂದು ಒಮ್ಮೆ ಕೇಳಿಕೊಂಡಿದ್ದರೆ ಲೆಕ್ಕ ಒಂದು ನಿಮಿಷದಲ್ಲಿ ಮುಗಿಯುತ್ತಿತ್ತು.

ಮೇಲಿನ ಗುಣಕವು ಇಡೀ ನಕ್ಷೆಗೆ ಅನ್ವಯಿಸುತ್ತದೆ. ಇದಲ್ಲದೆ ಒಂದೊಂದು ಗೆರೆಗೂ ಅದರದೇ ಆದ ಗುಣಕವನ್ನು ಕೊಡಬಹುದು. ಎರಡೂ ಇರುವಾಗ ಅವುಗಳ ಗುಣಲಬ್ಧವೇ ಲೆಕ್ಕಕ್ಕೆ ಬರುತ್ತದೆ. ಇಡೀ ನಕ್ಷೆಗೆ 100 ಎಂದೂ, 0.25 ಮಿಲಿಮೀಟರಿನ ಗೆರೆಗಳಿಗೆ 0.25 ಎಂದೂ, 0.5 ಮಿಲಿಮೀಟರಿನ ಗೆರೆಗಳಿಗೆ 0.5 ಎಂದೂ ಇಟ್ಟರೆ, ದಪ್ಪಕ್ಕೆ ತಕ್ಕ ಗೀಟು ತಾನಾಗಿಯೇ ದೊರೆಯುತ್ತದೆ. ಇದು ಅಚ್ಚುಕಟ್ಟಾದ ಪದ್ಧತಿ. ಆದರೆ ಹತ್ತು ಜನ ಕೈಯಾಡಿಸಿದ ನಕ್ಷೆಯಲ್ಲಿ ಗೆರೆಗೊಂದು ಗುಣಕ ಸೇರಿಕೊಂಡು, ಯಾವುದು ಏಕೆ ಹಾಗಿದೆಯೆಂಬುದು ಯಾರಿಗೂ ತಿಳಿಯದಂತಾಗುವ ಅಪಾಯವೂ ಇಲ್ಲಿದೆ. ಆದಕಾರಣ ಗೆರೆಯ ಬಗೆ, ದಪ್ಪ, ಬಣ್ಣಗಳನ್ನು ಬಿಡಿ ಗೆರೆಗಳಿಗೆ ಅಂಟಿಸದೆ ಪದರಗಳಿಗೆ ಕೊಡುವುದು ರೂಢಿ. ಪದರವೆಂದರೆ ಒಂದರ ಮೇಲೊಂದಿಟ್ಟ ಪಾರಕ ಹಾಳೆಯಂತೆ. ಗೋಡೆಗಳದೊಂದು ಪದರ, ಕೊಳವೆಗಳದೊಂದು, ವಿದ್ಯುತ್ತಂತಿಗಳದೊಂದು. ನೆಲದಡಿಯ ಕೊಳವೆಗಳ ಪದರಕ್ಕೆ ತುಂಡುಗೆರೆಯೆಂದು ಒಮ್ಮೆ ವಿಧಿಸಿದರೆ, ಅದರಲ್ಲಿ ಬರೆದ ಸಾವಿರ ಗೆರೆಗಳೂ ಆ ವಿಧಿಗೆ ಒಳಪಡುತ್ತವೆ. ತಿದ್ದಬೇಕಾದಾಗಲೂ ಒಂದೇ ಕಡೆ ತಿದ್ದಿದರೆ ಸಾಕು.

ಅಂಗುಲಕ್ಕೂ ಮಿಲಿಮೀಟರಿಗೂ ಇರುವ ಹಳೆಯ ವ್ಯಾಜ್ಯವು ಇಲ್ಲಿಯೂ ತಲೆಹಾಕುತ್ತದೆ. ಆಟೋಕ್ಯಾಡ್‌ನೊಡನೆ ಗೆರೆಗಳ ಕಡತಗಳು ಎರಡು ಬರುತ್ತವೆ: ಅಂಗುಲದಲ್ಲಿ ಎಣಿಸುವವರಿಗೆ ಒಂದು, ಮಿಲಿಮೀಟರಿನಲ್ಲಿ ಎಣಿಸುವವರಿಗೆ ಇನ್ನೊಂದು. ಸಾಮಾನ್ಯ ತುಂಡುಗೆರೆಯು ಮೊದಲನೆಯದರಲ್ಲಿ ‘0.5, -0.25’ ಎಂದಿದ್ದರೆ ಎರಡನೆಯದರಲ್ಲಿ ‘12.7, -6.35’ ಎಂದಿದೆ. ಹೆಸರು ಒಂದೇ, ಅಂಕಿ ಮಾತ್ರ 25.4 ಪಟ್ಟು ಬೇರೆ. ಒಂದು ಅಂಗುಲಕ್ಕೆ 25.4 ಮಿಲಿಮೀಟರು ತಾನೆ? ಮಿಲಿಮೀಟರಿನ ನಕ್ಷೆಗೆ ಅಂಗುಲದ ಕಡತವನ್ನು ಕರೆದುಕೊಂಡವನಿಗೆ ಲೆಕ್ಕವೆಲ್ಲ ಸರಿಯಿದ್ದರೂ ಗೀಟುಗಳು ದೂಳಿನ ಕಣಗಳಂತೆ ಸಣ್ಣವಾಗಿರುತ್ತವೆ.

ಒಂದೇ ಹಾಳೆಯಲ್ಲಿ ಎರಡು ಪ್ರಮಾಣಗಳು ಬಂದಾಗ ಸಮಸ್ಯೆಯು ಇನ್ನಷ್ಟು ಬಿಗಿಯಾಗುತ್ತದೆ. ಹಾಳೆಯ ಎಡಭಾಗದಲ್ಲಿ ಇಡೀ ಮನೆಯು 1:100 ಪ್ರಮಾಣದಲ್ಲಿದೆ. ಬಲಭಾಗದಲ್ಲಿ ಅದೇ ಮನೆಯ ಅಡುಗೆಮನೆಯು 1:20 ಪ್ರಮಾಣದಲ್ಲಿ ದೊಡ್ಡದಾಗಿದೆ. ಅಟ್ಟದ ಅಂಚು ಎರಡು ಚಿತ್ರಗಳಲ್ಲಿಯೂ ಇದೆ, ಗಣಕದ ನೆನಪಿನಲ್ಲಿ ಮಾತ್ರ ಅದು ಒಂದೇ ಗೆರೆ. ಗುಣಕವನ್ನು 25 ಎಂದಿಟ್ಟರೆ ಎಡಗಡೆ ಗೀಟು 3 ಮಿಲಿಮೀಟರಾಗಿ ಸರಿಯಾಗಿರುತ್ತದೆ, ಬಲಗಡೆ 15 ಮಿಲಿಮೀಟರಾಗಿ ವಿಕಾರವಾಗುತ್ತದೆ. 5 ಎಂದಿಟ್ಟರೆ ಬಲಗಡೆ ಸರಿಯಾಗಿ ಎಡಗಡೆ ಕೆಡುತ್ತದೆ. 1990ರಲ್ಲಿ ಬಂದ ಆಟೋಕ್ಯಾಡ್‌ನ ಹನ್ನೊಂದನೆಯ ಆವೃತ್ತಿಯು ವಸ್ತುವಿಗೆ ಒಂದು ಆವರಣ, ಹಾಳೆಗೆ ಇನ್ನೊಂದು ಆವರಣ ಎಂದು ಎರಡನ್ನು ಬೇರ್ಪಡಿಸಿತು. ಹಾಳೆಯಲ್ಲಿ ಬೇಕಾದಷ್ಟು ಕಿಂಡಿಗಳನ್ನು ತೆರೆಯಬಹುದು. ಒಂದೊಂದು ಕಿಂಡಿಯ ಮೂಲಕ ವಸ್ತುವು ಒಂದೊಂದು ಪ್ರಮಾಣದಲ್ಲಿ ಕಾಣುತ್ತದೆ. ಗೀಟುಗಳನ್ನು ವಸ್ತುವಿನ ಮೇಲೆ ಅಳೆಯದೆ ಹಾಳೆಯ ಮೇಲೆ ಅಳೆ ಎಂದು ಆಜ್ಞಾಪಿಸುವ ಏರ್ಪಾಡೂ ಅದರೊಡನೆ ಇದೆ. ಹಾಗೆ ಆಜ್ಞಾಪಿಸಿದಾಗ ಎರಡು ಕಿಂಡಿಗಳಲ್ಲಿಯೂ ಅಟ್ಟದ ಅಂಚು 3 ಮಿಲಿಮೀಟರಿನ ಗೀಟುಗಳಿಂದಲೇ ಕಾಣುತ್ತದೆ. ನಿಜವಾಗಿ ನೋಡಿದರೆ ಇದು ಇಳಿಜಾರು ಹಲಗೆಯ ಮುಂದೆ ಕುಳಿತಿದ್ದವನ ಹಳೆಯ ವಿವೇಕವೇ. ಅದು ಗಣಕಕ್ಕೆ ಮರಳಿ ಬಂದಿತು.

ಆದರೆ ಈ ಏರ್ಪಾಡಿಗೆ ಬದಲಾಯಿಸಿದವನು ಗುಣಕವನ್ನೂ ಬದಲಾಯಿಸಬೇಕು. ಪ್ರಮಾಣದ ನೂರು ಈಗ ಲೆಕ್ಕದಿಂದ ಹೊರಗೆ ಹೋಗಿದೆ. ಉಳಿಯಬೇಕಾದುದು ಗೆರೆಯ ದಪ್ಪವಾದ 0.25 ಮಾತ್ರ. ಅದನ್ನು ಮರೆತು 25 ಎಂದೇ ಬಿಟ್ಟರೆ ಹಾಳೆಯ ಮೇಲಿನ ಒಂದು ಗೀಟು 300 ಮಿಲಿಮೀಟರು ಆಗುತ್ತದೆ. ಸಾಮಾನ್ಯವಾಗಿ ಬಳಸುವ ಎ4 ಹಾಳೆಯ ಉದ್ದವೇ 297 ಮಿಲಿಮೀಟರು! ಗುಣಕವನ್ನು 0.25 ಎಂದು ಸರಿಪಡಿಸಿದ ಮೇಲೆ ವಸ್ತುವಿನ ಆವರಣಕ್ಕೆ ಹಿಂತಿರುಗಿದರೆ ಅಲ್ಲಿ ಅದೇ ಗೆರೆಯು ಅಖಂಡವಾಗಿ ಕಾಣುವುದುಂಟು. ಹನ್ನೆರಡು ಮೀಟರಿನ ಮನೆಯ ಪಕ್ಕದಲ್ಲಿ 3 ಮಿಲಿಮೀಟರಿನ ಗೀಟು ಕಾಣುವುದಾದರೂ ಹೇಗೆ? ಗಾಬರಿಪಡಬೇಕಾದುದೇನೂ ಇಲ್ಲ, ಮೇಸ್ತ್ರಿಯ ಕೈಸೇರುವುದು ಹಾಳೆಯೇ ಹೊರತು ಪರದೆಯಲ್ಲ.

ಲೆಕ್ಕವೆಲ್ಲ ಸರಿಯಾಗಿದ್ದೂ ತುಂಡುಗೆರೆಯು ಮುಚ್ಚಿಕೊಳ್ಳುವ ಸಂದರ್ಭ ಇನ್ನೊಂದಿದೆ. ಹೊಳೆಯ ದಡ, ಬೆಟ್ಟದ ತಪ್ಪಲು, ಊರಿನ ಗಡಿ ಇಂತಹ ಅಂಕುಡೊಂಕು ಗೆರೆಗಳನ್ನು ಚಿಕ್ಕ ಚಿಕ್ಕ ನೇರ ತುಂಡುಗಳ ಮಾಲೆಯಾಗಿ ಬರೆಯುತ್ತಾರೆ. ಪ್ರತಿಯೊಂದು ತಿರುವಿನಲ್ಲಿಯೂ ವಿನ್ಯಾಸವು ಹೊಸದಾಗಿ ಆರಂಭವಾಗುತ್ತದೆ. ಒಂದೊಂದು ತುಂಡು ಹಾಳೆಯ ಮೇಲೆ 2 ಮಿಲಿಮೀಟರು ಇದ್ದು, ಗೀಟು ಮತ್ತು ತೆರಪು ಸೇರಿ 3.75 ಮಿಲಿಮೀಟರು ಬೇಕಾದರೆ, ಯಾವ ತುಂಡಿನಲ್ಲಿಯೂ ತೆರಪಿಗೆ ಎಡೆಯಿಲ್ಲ; ಇಡೀ ಗಡಿಯೇ ಅಖಂಡವಾಗಿಬಿಡುತ್ತದೆ. ತಿರುವುಗಳನ್ನು ಲೆಕ್ಕಿಸದೆ ವಿನ್ಯಾಸವನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಸಮನೆ ಹರಿಸು ಎಂದು ವಿಧಿಸಿದರೆ ಇದು ಸರಿಹೋಗುತ್ತದೆ. ಹಾಗೆಂದು ಇದನ್ನು ಎಲ್ಲೆಡೆಯೂ ಹಚ್ಚಬಾರದು. ಚೌಕನೆಯ ತೊಟ್ಟಿಗೆ ಇದನ್ನೇ ವಿಧಿಸಿದರೆ ಮೂಲೆಯಲ್ಲಿ ಗೀಟಿನ ಬದಲು ತೆರಪು ಬಂದು ಬೀಳಬಹುದು. ಮೂಲೆಯಲ್ಲಿ ಎರಡು ಗೀಟುಗಳು ಕೂಡಿರಬೇಕು. ಇಲ್ಲವಾದರೆ ತೊಟ್ಟಿಯು ಎಲ್ಲಿ ಮುಗಿಯಿತೆಂಬುದೇ ತಿಳಿಯದು. ಹೊಳೆಗೆ ಒಂದು ನ್ಯಾಯ, ತೊಟ್ಟಿಗೆ ಇನ್ನೊಂದು ನ್ಯಾಯ.

ಗೆರೆಯ ದಪ್ಪದ ವಿಷಯದಲ್ಲಿ ಇಷ್ಟು ತೊಡಕಿಲ್ಲ. ಮೊದಲು ಗಣಕದ ನಕ್ಷೆಗಳಲ್ಲಿ ಬಣ್ಣವೇ ದಪ್ಪದ ಸಂಕೇತವಾಗಿತ್ತು. ಪರದೆಯ ಮೇಲೆ ಕೆಂಪಾಗಿ ಬರೆದುದನ್ನು ಮುದ್ರಿಸುವ ಯಂತ್ರವು ಒಂದು ಲೇಖನಿಯಿಂದಲೂ, ಹಳದಿಯಾಗಿ ಬರೆದುದನ್ನು ಇನ್ನೊಂದರಿಂದಲೂ ಎಳೆಯುತ್ತಿತ್ತು. ಈ ರೂಢಿ ಇಂದಿಗೂ ಅನೇಕ ಕಚೇರಿಗಳಲ್ಲಿ ಉಳಿದಿದೆ. ‘ಆಟೋಕ್ಯಾಡ್ 2000’ ಎಂಬ ಆವೃತ್ತಿಯಿಂದ ದಪ್ಪವನ್ನು ನೇರವಾಗಿ ಮಿಲಿಮೀಟರಿನಲ್ಲಿ ಗೆರೆಗೇ ಕೊಡಲು ಸಾಧ್ಯವಾಯಿತು. ಸಾಮಾನ್ಯವಾಗಿ ಮುದ್ರಿಸುವಾಗ ಮನೆಯು ಯಾವ ಪ್ರಮಾಣಕ್ಕೆ ಇಳಿದರೂ ದಪ್ಪವು ಇಳಿಯುವುದಿಲ್ಲ. ಅದನ್ನು ಮೊದಲಿನಿಂದಲೂ ಕಾಗದದ ಅಳತೆಯೆಂದೇ ಎಣಿಸಲಾಗಿದೆ. ಗೀಟಿಗೂ ಆರಂಭದಲ್ಲಿಯೇ ಈ ಮರ್ಯಾದೆ ಸಂದಿದ್ದರೆ ಇಷ್ಟೆಲ್ಲ ಲೆಕ್ಕಗಳ ಅಗತ್ಯವೇ ಬೀಳುತ್ತಿರಲಿಲ್ಲ.

ಎರಡರ ವರ್ಗಮೂಲದ ಮಾತು ಉಳಿದಿದೆ. ಎ0, ಎ1, ಎ2, ಎ3, ಎ4 ಎಂಬ ಹಾಳೆಗಳಲ್ಲಿ ಒಂದನ್ನು ನಡುವೆ ಮಡಿಸಿದರೆ ಮುಂದಿನದು ದೊರೆಯುತ್ತದೆ. ಎಲ್ಲದರಲ್ಲಿಯೂ ಅಗಲಕ್ಕೂ ಉದ್ದಕ್ಕೂ ಇರುವ ಸಂಬಂಧ ಒಂದೇ, ಅಂದರೆ 1ಕ್ಕೆ 1.4. ಒಂದು ಹಾಳೆಯ ನಕ್ಷೆಯನ್ನು ಮುಂದಿನ ಹಾಳೆಗೆ ಕುಗ್ಗಿಸಿದಾಗ ಗೆರೆಗಳೂ 1.4ರಿಂದ ಭಾಗಿಸಿದಷ್ಟು ತೆಳ್ಳಗಾಗುತ್ತವೆ: 0.5 ಇದ್ದುದು 0.35, 0.35 ಇದ್ದುದು 0.25. ಕುಗ್ಗಿದ ಗೆರೆಯೂ ಮಾನಕದ ಒಂಬತ್ತು ದಪ್ಪಗಳಲ್ಲಿ ಒಂದೇ ಆಗಿರುತ್ತದೆ. ಅದಕ್ಕೆ ಹೊಂದಿಕೊಳ್ಳುವ ಲೇಖನಿಯು ಪೆಟ್ಟಿಗೆಯಲ್ಲಿ ಇದ್ದೇ ಇರುವುದರಿಂದ ಕುಗ್ಗಿಸಿದ ಪ್ರತಿಯನ್ನು ತಿದ್ದುವುದು ಸುಲಭವಾಗಿತ್ತು. ನಿವೇಶನದಲ್ಲಿ ದೊಡ್ಡ ಹಾಳೆ ಹಿಡಿಯಲು ಅನನುಕೂಲವೆಂದು ಎ1 ಹಾಳೆಯನ್ನು ಎ3 ಹಾಳೆಗೆ ಕುಗ್ಗಿಸುವುದು ಇಂದು ಬಹು ಸಾಮಾನ್ಯ. ಎಲ್ಲ ಉದ್ದಗಳೂ ಅರ್ಧವಾಗುತ್ತವೆ. 0.5 ಮಿಲಿಮೀಟರಿನ ಗೆರೆ 0.25ಕ್ಕೆ ಇಳಿಯುತ್ತದೆ, 6 ಮಿಲಿಮೀಟರಿನ ಅದರ ಗೀಟು 3ಕ್ಕೆ ಇಳಿಯುತ್ತದೆ. ಹನ್ನೆರಡು ಪಟ್ಟು ಎಂಬ ಸಂಬಂಧ ಕೆಡುವುದಿಲ್ಲ. ಕೆಡುವುದು ಒಂದೇ ಒಂದು: ಹಾಳೆಯ ಮೂಲೆಯಲ್ಲಿ ‘ಪ್ರಮಾಣ 1:100’ ಎಂದು ಅಚ್ಚಾಗಿರುವ ಮಾತು. ಪ್ರಮಾಣವು ಈಗ 1:200 ಆಗಿದೆ, ಅಕ್ಷರಗಳು ಮಾತ್ರ ಹಳೆಯದನ್ನೇ ಹೇಳುತ್ತಿವೆ. ಆದುದರಿಂದಲೇ ಜಾಣರಾದ ನಕ್ಷೆಗಾರರು ಅಕ್ಷರದ ಪಕ್ಕದಲ್ಲಿ ಒಂದು ಅಳತೆಪಟ್ಟಿಯನ್ನೂ ಎಳೆದು, ಅದರ ಮೇಲೆ ‘5 ಮೀಟರು’ ಎಂದು ಬರೆದಿರುತ್ತಾರೆ. ದೊಡ್ಡ ಹಾಳೆಯಲ್ಲಿ 50 ಮಿಲಿಮೀಟರು ಇದ್ದ ಆ ಪಟ್ಟಿಯು ಚಿಕ್ಕ ಹಾಳೆಯಲ್ಲಿ 25 ಮಿಲಿಮೀಟರಾಗಿ, ಮನೆಯ ಗೋಡೆಗಳೊಡನೆ ತಾನೂ ಕುಗ್ಗಿ, ಐದು ಮೀಟರನ್ನೇ ತೋರಿಸುತ್ತಿರುತ್ತದೆ.